ಯಾರೂ ಕರೆಯದವರನ್ನು ಕರೆಯುವ ಕೆಲಸ: ಹಳ್ಳಿಯಲ್ಲಿ ಶುರು ಮಾಡುವುದು ಹೇಗೆ?

ನಾನು ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಒಂದು ಗ್ರಾಮ ಪಂಚಾಯ್ತಿಗೆ ಒಬ್ಬರಂತೆ ನಾವಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ನನ್ನ ಎಡಗಾಲಿಗೆ ಪೋಲಿಯೋ. ಊರು ತುಮಕೂರು ಜಿಲ್ಲೆಯ ಬಯಲುಸೀಮೆ ಕಡೆ. ಶೇಂಗಾ, ರಾಗಿ, ನೀರಿದ್ದವರಿಗೆ ಅಡಿಕೆ. ವಯಸ್ಸಿನ ಹುಡುಗರೆಲ್ಲ ಬೆಂಗಳೂರಲ್ಲಿ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸುವುದು, ಪಿಂಚಣಿ ಅರ್ಜಿ ಹಾಕಿಸುವುದು, ಗಾಲಿಕುರ್ಚಿ, ಶ್ರವಣ ಸಾಧನ ಕೊಡಿಸುವುದು. ಕಾಗದದ ಮೇಲೆ ಇಷ್ಟೇ ನನ್ನ ಕೆಲಸ. ಆದರೆ ಕಾರ್ಡೂ ಬಂದು, ಪಿಂಚಣಿಯೂ ಬಂದ ಮೇಲೂ ಕೆಲವರು ಬಾಗಿಲಲ್ಲಿ ಹಿಡಿದು ನಿಲ್ಲಿಸುತ್ತಾರೆ. "ಇನ್ನೊಂದ್ ಗಳಿಗೆ ಕೂತ್ಕೊಳಮ್ಮ, ಏನವಸರ?" ಅನ್ನುತ್ತಾರೆ. ಒಂಟಿತನ ಪೇಟೆಯವರ ಕಾಯಿಲೆ, ಹಳ್ಳಿಯಲ್ಲಿ ಎಲ್ಲರೂ ಎಲ್ಲರಿಗೂ ಇರುತ್ತಾರೆ ಅಂತ ನಂಬಿದವರು ಒಂದು ದಿನ ನನ್ನ ಸ್ಕೂಟರ್ ಹಿಂದೆ ಕೂತು ಬರಬೇಕು. ಪೇಟೆಯಲ್ಲಿ ಪಕ್ಕದ ಮನೆಯವರಿಗೆ ನೀವು ಯಾರು ಅಂತ ಗೊತ್ತಿರುವುದಿಲ್ಲ, ಅದಕ್ಕೆ ಮಾತಾಡಿಸುವುದಿಲ್ಲ. ಹಳ್ಳಿಯಲ್ಲಿ ನೀವು ಯಾರು, ಯಾವ ಕೇರಿ, ನಿಮ್ಮ ಮನೆಯಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೇ ಮಾತಾಡಿಸುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಒಂದು ವರದಿ ಕೊಟ್ಟಿತು. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆಯಂತೆ. ನಮ್ಮ ಪಂಚಾಯ್ತಿಯ ಲೆಕ್ಕ ಯಾರೂ ತೆಗೆದಿಲ್ಲ. ಆದರೆ ಯಾರ್‍ಯಾರು ಅಂತ ನನಗೆ ಗೊತ್ತು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು ವಾಪಸ್ ಬಂದವರು, ಗಂಡ ಬಿಟ್ಟುಹೋದ ಹೆಂಗಸರು, ವಿಧವೆಯರು, ಲಿಂಗತ್ವ ಅಲ್ಪಸಂಖ್ಯಾತರು, ಕುಷ್ಠ ವಾಸಿಯಾದರೂ ಬೆರಳು ಸೊಟ್ಟಗೆ ಉಳಿದವರು, ಬೇರೆ ಜಾತಿಯಲ್ಲಿ ಮದುವೆಯಾದವರ ಅಪ್ಪ ಅಮ್ಮ, ಮಗ ದುಡ್ಡು ಕಳಿಸುತ್ತಾನೆ ಆದರೆ ಫೋನ್ ಮಾಡಲ್ಲ ಅನ್ನುವ ಮುದುಕರು.

ಇಂಥವರಿಗಾಗಿ ನಾವು ಕೆಲವರು ಸೇರಿ ವಾರಕ್ಕೊಂದು ಮಧ್ಯಾಹ್ನ ಕೂರುವುದನ್ನು ಶುರು ಮಾಡಿದೆವು. ಆಶಾ ಕಾರ್ಯಕರ್ತೆ, ಲೈಬ್ರರಿ ಮೇಲ್ವಿಚಾರಕರು, ಹೆಂಗಸರ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಇಬ್ಬರು, ನಾನು. ಗುರುವಾರ ಅಂತ ಇಟ್ಟುಕೊಂಡೆವು, ಯಾಕೆಂದರೆ ಸಂತೆ ಬುಧವಾರ. ಬೇರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂಗಳು, ಆಶಾಗಳು "ಹೇಗೆ ಮಾಡಿದ್ರಿ?" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾರು ಅಂತ ಗೊತ್ತಾಗಬೇಕು

ಸರ್ವೆ ಫಾರಂ ಹಿಡಿದು ಹೋಗಬೇಡಿ. "ನಿಮಗೆ ಒಂಟಿತನ ಕಾಡುತ್ತಾ?" ಅಂತ ಕೇಳಿದರೆ ಯಾರು ಹೌದು ಅಂತಾರೆ? "ನಮಗೇನಮ್ಮ, ದೇವರು ಚೆನ್ನಾಗಿಟ್ಟಿದ್ದಾನೆ" ಅಂತಾರೆ.

ನೀರುಗಂಟಿಯನ್ನು ಕೇಳಿ. ಊರಲ್ಲಿ ಅವನಿಗೆ ಗೊತ್ತಿರುವಷ್ಟು ಪಂಚಾಯ್ತಿ ಅಧ್ಯಕ್ಷರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಒಬ್ಬ ಹೆಂಗಸು ಎಲ್ಲರೂ ನೀರು ಹಿಡಿದು ಹೋದ ಮೇಲೆ, ನಲ್ಲಿ ಸಣ್ಣಗೆ ಸುರಿಯುವಾಗ ಬಂದು ಅರ್ಧ ಕೊಡ ತುಂಬಿಸಿಕೊಂಡು ಹೋಗುತ್ತಿದ್ದಳು. ಇದನ್ನು ಹೇಳಿದ್ದು ನೀರುಗಂಟಿ. "ಅಕ್ಕ, ಆಯಮ್ಮಂಗೋಸ್ಕರ ನಾನೇ ಹತ್ತು ನಿಮಿಷ ಜಾಸ್ತಿ ಬಿಡ್ತೀನಿ" ಅಂದ. ನ್ಯಾಯಬೆಲೆ ಅಂಗಡಿಯವರನ್ನು ಕೇಳಿ, ಸಾಲು ಕರಗಿದ ಮೇಲೆ ಬರುವವರು ಯಾರು ಅಂತ. ಪೋಸ್ಟ್‌ಮ್ಯಾನ್‌ಗೆ ಗೊತ್ತಿರುತ್ತದೆ, ಯಾರ ಮನೆಯಲ್ಲಿ ಪಿಂಚಣಿ ಎಣಿಸಿಕೊಟ್ಟ ಮೇಲೂ ಟೀ ಕುಡಿದು ಹೋಗು ಅಂತ ಒತ್ತಾಯ ಮಾಡುತ್ತಾರೆ ಅಂತ.

ಮನೆಗೆ ಹೋದಾಗ ಇಂಥ ಪ್ರಶ್ನೆ ಕೇಳಿ: ಕಳೆದ ಯುಗಾದಿಗೆ ಬೇವು ಬೆಲ್ಲ ಯಾರಿಗೆ ಕೊಟ್ರಿ? ಜ್ವರ ಬಂದಾಗ ಗಂಜಿ ಯಾರು ಕಾಯಿಸಿಕೊಟ್ರು? ಈಚೆಗೆ ಯಾರ ಮದುವೆಗೆ ಹೋಗಿದ್ರಿ? ಉತ್ತರ ಬರುವುದು ತಡವಾದರೆ ಅದೇ ಉತ್ತರ.

ಪಟ್ಟಿ ನಿಮ್ಮ ಹತ್ತಿರವೇ ಇರಲಿ. ಪಂಚಾಯ್ತಿ ಗೋಡೆಗೆ ಅಂಟಿಸಬೇಡಿ, ವಾಟ್ಸಾಪ್‌ಗೆ ಹಾಕಬೇಡಿ. ಇನ್ನೊಂದು ವಿಷಯ, ತೆಗೆದ ಜಾಗ ನಮೂದಾಗುವ ಈ ಜಿಪಿಎಸ್ ಫೋಟೋ. ಯಾವ ಕೆಲಸಕ್ಕೂ ಈಗ ಇಲಾಖೆಗೆ ಜಿಪಿಎಸ್ ಫೋಟೋ ಬೇಕು. ಈ ಕೆಲಸದಲ್ಲಿ ಮೊದಲ ದಿನವೇ ಮೊಬೈಲ್ ಎತ್ತಿದರೆ ಮುಗಿಯಿತು. ಆ ಮನೆ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ. ಅವರಾಗಿಯೇ "ಒಂದ್ ಫೋಟೋ ತೆಗಿಯವ್ವ" ಅನ್ನುವವರೆಗೆ ಕಾಯಿರಿ.

ಮನೆಗೆ ಹೋದಾಗ

ಏನಾದರೂ ನೆಪ ಇಟ್ಟುಕೊಂಡು ಹೋಗಿ. ಆಧಾರ್ ಜೋಡಣೆ, ರೇಷನ್ ಕಾರ್ಡಿನ ಇಕೆವೈಸಿ, ಏನೋ ಒಂದು. ಸುಮ್ನೆ ನೋಡೋಕೆ ಬಂದೆ ಅಂದರೆ "ನನ್ನನ್ನ್ಯಾಕೆ?" ಅಂತ ಅನುಮಾನ ಬರುತ್ತದೆ. ಎರಡನೇ ಸಲ ನೆಪ ಬೇಡ.

ಕೊಟ್ಟ ನೀರು ಕುಡಿಯಿರಿ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಕಾಲೊನಿಗೆ, ಅಂದರೆ ದಲಿತರ ಕೇರಿಗೆ ಹೋದಾಗ, ಕುಷ್ಠ ಬಂದು ವಾಸಿಯಾದವರ ಮನೆಗೆ ಹೋದಾಗ, ಲೋಟ ಕೈಗೆ ಬರುವಾಗ ಅವರ ಕಣ್ಣು ನಿಮ್ಮ ಮುಖದ ಮೇಲೇ ಇರುತ್ತದೆ. "ಈಗ ತಾನೇ ಕುಡಿದು ಬಂದೆ" ಅನ್ನುವ ಮಾತು ಅವರು ಬಹಳ ಸಲ ಕೇಳಿದ್ದಾರೆ. ಚಿಕಿತ್ಸೆ ಮುಗಿಸಿದ ಕುಷ್ಠ ಯಾರಿಗೂ ಅಂಟುವುದಿಲ್ಲ. ಇದು ಆಶಾಗಳಿಗೆಲ್ಲ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟದ್ದೇ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ಆ ಲೋಟ ಖಾಲಿ ಮಾಡಿ.

ಯಾಕೆ ಒಬ್ಬರೇ ಇದ್ದೀರಿ, ಮಗ ಯಾಕೆ ಬರಲ್ಲ, ಗಂಡ ಎಲ್ಲಿ ಅಂತ ಕೇಳಬೇಡಿ. ಅವರೇ ಹೇಳುತ್ತಾರೆ, ನಾಲ್ಕನೇ ವಾರವೋ ಹತ್ತನೇ ವಾರವೋ. ಮೊದಲು ಕೇಳಬೇಕಾದ್ದು ಅವರಿಗೆ ಏನು ಬರುತ್ತದೆ ಅಂತ. ಯಾವ ಕೆಲಸ ಮಾಡಿದ್ರು, ಏನು ಹಾಡ್ತಾರೆ, ಏನು ಬೆಳೆದಿದ್ದಾರೆ. ಮುಂದೆ ಇದೇ ಉಪಯೋಗಕ್ಕೆ ಬರುವುದು.

ಮಾನಸಿಕ ಕಾಯಿಲೆ ಇದ್ದವರ ಮನೆಯಲ್ಲಿ ಒಂದು ಚಾಳಿ ನೋಡಿದ್ದೇನೆ. ಅವರು ಎದುರಿಗೇ ಕೂತಿರುತ್ತಾರೆ, ನಾವು ಅವರ ಅಮ್ಮನನ್ನು ಕೇಳುತ್ತೇವೆ: "ಊಟ ಸರಿಯಾಗಿ ಮಾಡ್ತಾನಾ?" ಅವನನ್ನೇ ಕೇಳಿ. ಉತ್ತರ ಬರದಿದ್ದರೂ ಅವನನ್ನೇ ಕೇಳಿ. ಲಿಂಗತ್ವ ಅಲ್ಪಸಂಖ್ಯಾತರ ಮನೆಯಲ್ಲಿ, ಏನಂತ ಕರೆಯಲಿ ಅಂತ ಮೊದಲೇ ಕೇಳಿಬಿಡಿ. ಅಕ್ಕ ಅಂದರೆ ಅಕ್ಕ. ರೇಷನ್ ಕಾರ್ಡಿನಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದಬೇಡಿ.

ಏಳುವಾಗ "ಮತ್ತೆ ಬರ್ತೀನಿ" ಅನ್ನಬೇಡಿ. ಎಲ್ಲರೂ ಹಾಗೇ ಹೇಳಿ ಹೋಗಿದ್ದಾರೆ. ದಿನ ಹೇಳಿ, ಆ ದಿನ ಹೋಗಿ. ಆಗದಿದ್ದರೆ ಫೋನ್ ಮಾಡಿ ಹೇಳಿ. ಅವರ ಹತ್ತಿರ ಫೋನ್ ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಹೇಳಿ ಕಳಿಸಿ. ಆ ನೆಪದಲ್ಲಾದರೂ ಪಕ್ಕದವರು ಬಾಗಿಲು ತಟ್ಟಿದ ಹಾಗಾಯ್ತು.

ಎಲ್ಲಿ ಕೂರುವುದು?

ಇದರಲ್ಲಿ ಎಡವಿದರೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ. ನಿಮ್ಮ ಪಟ್ಟಿಯಲ್ಲಿರುವ ಒಬ್ಬೊಬ್ಬರನ್ನೂ ನೆನೆಸಿಕೊಂಡು ಆ ಜಾಗದ ಬಾಗಿಲಲ್ಲಿ ನಿಲ್ಲಿಸಿ ನೋಡಿ. ಯಾರಾದರೂ ಒಬ್ಬರು ಹೊರಗೇ ನಿಲ್ಲಬೇಕಾದರೆ ಆ ಜಾಗ ಬೇಡ.

ದೇವಸ್ಥಾನದ ಪ್ರಾಂಗಣ ಬೇಡ. ಕಾರಣ ಗೊತ್ತೇ ಇದೆ. ಸಮುದಾಯ ಭವನ ಅಂತ ಬೋರ್ಡ್ ಇರುತ್ತದೆ, ಆದರೆ ಯಾವ ಸಮುದಾಯದ್ದು ಅಂತ ಊರಿಗೆಲ್ಲ ಗೊತ್ತು. ಅರಳಿಕಟ್ಟೆ ಗಂಡಸರದ್ದು, ಅದರಲ್ಲೂ ಕೆಲವು ಗಂಡಸರದ್ದು. ಪಂಚಾಯ್ತಿ ಆಫೀಸಿಗೆ ಬಂದರೆ ಯಾವುದೋ ಸಹಿಗೆ ಕಾಯುವವರ ಮುಖ ಮಾಡಿಕೊಂಡು ಕೂರುತ್ತಾರೆ. ಅಂಗನವಾಡಿ ಪರವಾಗಿಲ್ಲ, ಹೆಂಗಸರಿಗೆ ಸಲೀಸು. ಆದರೆ ಮಕ್ಕಳು ಮನೆಗೆ ಹೋದ ಮೇಲೇ ಸಿಗುವುದು, ಕುರ್ಚಿಗಳೂ ಮಕ್ಕಳವೇ. ಮಂಡಿ ನೋವಿನವರು ಕೂತರೆ ಏಳಲಾಗುವುದಿಲ್ಲ.

ನಮಗೆ ಒದಗಿದ್ದು ಲೈಬ್ರರಿ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಅಂತ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಲೈಬ್ರರಿಯ ದೊಡ್ಡ ಗುಣ ಏನೆಂದರೆ, ಯಾಕೆ ಬಂದೆ ಅಂತ ಯಾರೂ ಕೇಳುವುದಿಲ್ಲ. ಪೇಪರ್ ಓದೋಕೆ ಬಂದೆ ಅಂದರೆ ಮುಗಿಯಿತು. ಓದು ಬರದವರಿಗೆ? ಮಕ್ಕಳು ಓದಿ ಹೇಳುತ್ತಾರೆ. ಒಬ್ಬ ತಾತ ಪೇಪರನ್ನು ತಲೆಕೆಳಗೆ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ.

ಜಾಗ ಸಿಕ್ಕ ಮೇಲೆ ಮೂರು ನೋಡಿ. ಮೆಟ್ಟಿಲ ಪಕ್ಕ ಇಳಿಜಾರು ಇದೆಯಾ, ಶೌಚಾಲಯ ಎಷ್ಟು ದೂರ, ಬೆನ್ನು ಒರಗಿಸುವ ಬೆಂಚು ಇದೆಯಾ. ಶೌಚಾಲಯಕ್ಕೆ ಬೀಗ ಹಾಕಿದ್ದರೆ ವಯಸ್ಸಾದ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟು ಬರುತ್ತಾರೆ, ಆಮೇಲೆ ಬರುವುದನ್ನೂ ಬಿಡುತ್ತಾರೆ.

ಟೀ

ನಕ್ಕರೂ ಪರವಾಗಿಲ್ಲ, ಟೀ ಬಗ್ಗೆ ಒಂದಿಷ್ಟು ಜಾಸ್ತಿಯೇ ಬರೆಯುತ್ತೇನೆ. ನಮ್ಮ ಗುರುವಾರಗಳ ಅರ್ಧ ರಾಜಕೀಯ ಟೀಯಲ್ಲಿದೆ.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಟೀ ಅಂಗಡಿಗಳಲ್ಲಿ ಎರಡು ಥರದ ಲೋಟ ಇಡುವುದು ಕಡಿಮೆಯಾಗಿದೆ, ನಿಜ. ಆದರೆ ಅದು ಹೋದ ರೀತಿ ನೋಡಿ. ಪೇಪರ್ ಕಪ್ ಬಂತು. ಎಲ್ಲರಿಗೂ ಪೇಪರ್ ಕಪ್ ಕೊಟ್ಟರೆ ಯಾರೂ ಯಾರ ಎಂಜಲನ್ನೂ ತೊಳೆಯಬೇಕಾಗಿಲ್ಲ. ಹಾಗಾಗಿ ನಮ್ಮ ಗುರುವಾರಕ್ಕೆ ಪೇಪರ್ ಕಪ್ ಬೇಡ ಅಂದುಕೊಂಡೆವು. ಸ್ಟೀಲ್ ಲೋಟ, ಎಲ್ಲವೂ ಒಂದೇ ಅಳತೆ, ಮೇಲೆ ಯಾರ ಹೆಸರೂ ಇಲ್ಲ.

ಯಾರು ಮಾಡುತ್ತಾರೆ? ಸರದಿ. ಯಾರು ತೊಳೆಯುತ್ತಾರೆ? ಹಿಂದಿನ ವಾರ ಮಾಡಿದವರು ಈ ವಾರ ತೊಳೆಯುತ್ತಾರೆ. ಇದನ್ನು ಘೋಷಣೆ ಮಾಡಬೇಡಿ, ಜಾತಿ ಹೆಸರೆತ್ತಿ ಭಾಷಣ ಮಾಡಬೇಡಿ. ಸುಮ್ನೆ ಸರದಿ ಚೀಟಿ ಬರೆದು ಗೋಡೆಗೆ ಅಂಟಿಸಿ. ಮೊದಮೊದಲು ಕೆಲವರಿಗೆ ಗುರುವಾರವೇ ಏಕಾದಶಿ ಬರುತ್ತದೆ, ಕೆಲವರಿಗೆ ಆವತ್ತೇ ಗ್ಯಾಸ್ಟ್ರಿಕ್. ಒತ್ತಾಯ ಬೇಡ. ಆದರೆ ಅವರಿಗೆ ಅಂತ ಬೇರೆ ಕಡೆಯಿಂದ ಟೀ ತರಿಸಿ ಕೊಡುವುದೂ ಬೇಡ. ನಮ್ಮಲ್ಲಿ ಒಬ್ಬ ಗೌಡ್ರಮ್ಮ ಬಹಳ ವಾರ ಟೀ ಮುಟ್ಟಲಿಲ್ಲ. ಒಂದು ದಿನ ಕಾಲೊನಿಯ ಅಜ್ಜಿ ಶುಂಠಿ ಜಜ್ಜಿ ಹಾಕಿದ್ದಳು. ವಾಸನೆ ಹಾಗಿತ್ತು. "ಅರ್ಧ ಲೋಟ ಕೊಡು ನೋಡಾಣ" ಅಂದರು. ಅಜ್ಜಿ ಪೂರ್ತಿ ಲೋಟ ಕೊಟ್ಟಳು. ಅಷ್ಟೇ. ಇದರಿಂದ ಊರು ಬದಲಾಯ್ತು ಅಂತ ನಾನು ಹೇಳುವುದಿಲ್ಲ. ಆ ಗೌಡ್ರಮ್ಮನ ಮನೆಯೊಳಗೆ ಆ ಅಜ್ಜಿ ಇವತ್ತಿಗೂ ಹೋಗಿಲ್ಲ. ಆದರೆ ಇಬ್ಬರೂ ಮಂಡಿ ನೋವಿನ ಎಣ್ಣೆ ಹಂಚಿಕೊಳ್ಳುತ್ತಾರೆ.

ಕೈಗೆ ಕೆಲಸ

ನಾನು ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಇದು. ಒಬ್ಬರೇ ಇರುವವರನ್ನು ಕೂರಿಸಿಕೊಂಡು ಸಮಾಧಾನ ಹೇಳಿದರೆ ಅವರು ಒಂದು ಸಲ ಬರುತ್ತಾರೆ. ಹಣ್ಣು, ಬ್ರೆಡ್ಡು ಹಂಚಿದರೆ ಹಂಚುವ ದಿನ ಬರುತ್ತಾರೆ. ಅವರಿಗಾಗಿ ಯಾರಾದರೂ ಕಾಯುತ್ತಿದ್ದರೆ ಪ್ರತಿ ವಾರ ಬರುತ್ತಾರೆ. ಕಾಯಬೇಕು ಅಂದರೆ ಅವರ ಕೈಯಲ್ಲಿ ಬೇರೆಯವರಿಗೆ ಬೇಕಾದ ಏನಾದರೂ ಇರಬೇಕು.

ನಮ್ಮೂರಲ್ಲಿ ಒಬ್ಬರು ಟೈಲರ್ ಅಣ್ಣ. ಬೆಂಗಳೂರಲ್ಲಿ ಗಾರ್ಮೆಂಟ್ಸ್‌ನಲ್ಲಿದ್ದರು. ಕಾಯಿಲೆ ಶುರುವಾಗಿ, ಕಿವಿಯಲ್ಲಿ ಮಾತು ಕೇಳಿಸಿ, ಬಹಳ ದಿನ ಆಸ್ಪತ್ರೆಯಲ್ಲಿದ್ದು ಊರಿಗೆ ಬಂದರು. ಮಾತ್ರೆ ತಗೊಳ್ತಾರೆ, ಸರಿಯಾಗಿದ್ದಾರೆ. ಆದರೆ ಊರು ಅವರನ್ನು ಹುಚ್ಚ ಅಂತಲೇ ಗುರುತು ಹಿಡಿಯುವುದು. ಮಕ್ಕಳು ಅವರ ಮನೆ ಮುಂದೆ ಓಡುತ್ತಿದ್ದರು. ಅವರಿಗೆ ಲೈಬ್ರರಿಯಲ್ಲಿ ಒಂದು ಮೂಲೆ ಕೊಟ್ಟೆವು, ಒಕ್ಕೂಟದ ಹಳೇ ಹೊಲಿಗೆ ಮೆಷಿನ್ ಇಟ್ಟೆವು. ಶಾಲೆ ಮಕ್ಕಳ ಬ್ಯಾಗ್ ರಿಪೇರಿ. ಬ್ಯಾಗ್ ಅಂದರೆ ಗೊತ್ತಲ್ವಾ, ಜೂನ್‌ನಲ್ಲಿ ಕೊಂಡರೆ ಆಗಸ್ಟ್‌ನಲ್ಲಿ ಜಿಪ್ ಹೋಗುತ್ತದೆ. ಅವರು ಜಿಪ್‌ನ ರನ್ನರನ್ನು ಕಟಿಂಗ್ ಪ್ಲೇಯರ್‌ನಲ್ಲಿ ಎರಡೂ ಕಡೆ ಮೆಲ್ಲಗೆ ಒತ್ತುತ್ತಾರೆ, ಹಲ್ಲುಗಳಿಗೆ ಮೇಣದಬತ್ತಿ ಉಜ್ಜುತ್ತಾರೆ, ಒಂದು ಸಲ ಮೇಲೆ ಕೆಳಗೆ ಎಳೆದು ನೋಡಿ ಮಗುವಿನ ಕೈಗೇ ಕೊಟ್ಟು "ನೀನು ಎಳಿ" ಅಂತಾರೆ. ಹೊಸ ಜಿಪ್ ಬೇಕಾದರೆ ಮಾತ್ರ ದುಡ್ಡು. ಒಂದು ಗುರುವಾರ ಅವರು ಬರಲಿಲ್ಲ. ಸಂಜೆ ನಾಲ್ಕೈದು ಹುಡುಗರು ಹರಿದ ಬ್ಯಾಗ್ ಹಿಡಿದು ಅವರ ಮನೆ ಮುಂದೆ ನಿಂತಿದ್ದರು. "ಅಣ್ಣಾ, ಯಾಕ್ ಬರ್ಲಿಲ್ಲ?" ಜ್ವರ ಬಂದಿತ್ತು, ಅಷ್ಟೇ. ಅವರ ಅಮ್ಮ ಇದನ್ನು ನನಗೆ ಈಗಲೂ ಹೇಳುತ್ತಿರುತ್ತಾರೆ, ಆ ಮನೆ ಮುಂದೆ ಮಕ್ಕಳು ನಿಂತಿದ್ದು ಅಂತ.

ಕೆಲಸ ಹುಡುಕುವಾಗ ಸ್ವಲ್ಪ ತಲೆ ಓಡಿಸಿ. ಅಜ್ಜಿಯರಿಗೆ ಸೋಬಾನೆ ಪದ ಬರುತ್ತದೆ, ಹೈಸ್ಕೂಲ್ ಹುಡುಗಿಯರಿಗೆ ಪ್ರತಿಭಾ ಕಾರಂಜಿಗೆ ಜನಪದ ಗೀತೆ ಬೇಕಾಗಿರುತ್ತದೆ. ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿದರೆ ಸಾಕು. ಪಿಯುಸಿ ಓದಿದ ಲಿಂಗತ್ವ ಅಲ್ಪಸಂಖ್ಯಾತ ಅಕ್ಕ ಒಬ್ಬರಿದ್ದಾರೆ. ಅರ್ಜಿ ಬರೆಯುವುದು ಅವರ ಕೆಲಸ. ಅಕ್ಷರ ಮುತ್ತಿನ ಹಾಗೆ. ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದವರೇ ಈಗ ಬೆಳೆ ಪರಿಹಾರದ ಅರ್ಜಿ ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಬೇರೆ ದಾರಿ ಇಲ್ಲದೆ ಬಂದರೂ ಬಂದರಲ್ಲ.

ಒಂದು ಎಚ್ಚರಿಕೆ. ಅರಿಶಿನ ಕುಂಕುಮ ಕೊಡುವ, ಬಾಗಿನ ಕೊಡುವ, ಆರತಿ ಎತ್ತುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ಮಹಿಳಾ ದಿನಾಚರಣೆಗೆ ಅಂತ ಯಾರಾದರೂ ತಂದೇ ತರುತ್ತಾರೆ. ಆ ತಟ್ಟೆ ಬಂದ ಕೂಡಲೇ ವಿಧವೆಯರು ಎದ್ದು ಹಿಂದಕ್ಕೆ ಹೋಗುತ್ತಾರೆ. ಯಾರೂ ಹೋಗು ಅನ್ನಬೇಕಾಗಿಲ್ಲ, ಅವರ ಕಾಲೇ ಹೋಗುತ್ತದೆ. ತಟ್ಟೆಯಲ್ಲಿ ಬರೀ ಹೂವು, ಸಕ್ಕರೆ ಇಟ್ಟು ಎಲ್ಲರಿಗೂ ಕೊಡಿ.

ಇದಕ್ಕೆಲ್ಲ ಕೌನ್ಸೆಲಿಂಗ್ ಓದಿದವರೇ ಬೇಕಾ ಅಂತ ಕೇಳುತ್ತಾರೆ. ಆಫ್ರಿಕಾದ ಜಿಂಬಾಬ್ವೆಯಲ್ಲಿ ಡಾಕ್ಟರ್ ಡಿಕ್ಸನ್ ಚಿಬಾಂಡ ಅನ್ನುವವರು 2006ರಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಮನಸ್ಸಿಗೆ ಭಾರವಾದವರು ಬಂದು ಅಜ್ಜಿ ಪಕ್ಕ ಕೂತು ಮಾತಾಡುವುದು. ಅದು ಕೆಲಸ ಮಾಡಿತು, ಬೇರೆ ದೇಶಗಳಿಗೂ ಹೋಯಿತು. ನಮ್ಮಲ್ಲಿ ಅಜ್ಜಿಯರಿಗೇನು ಬರವೇ?

ಸರ್ಕಾರದ್ದು ಏನೇನು ಸಿಗುತ್ತದೆ

ಯೋಜನೆ ಕೊಡಿಸುವುದಕ್ಕೂ ಒಂಟಿತನಕ್ಕೂ ಏನು ಸಂಬಂಧ ಅನ್ನಿಸಬಹುದು. ಮುಯ್ಯಿ ನೆನೆಸಿಕೊಳ್ಳಿ. ಕೈಯಲ್ಲಿ ಮುಯ್ಯಿ ಹಾಕಲು ನೂರು ರೂಪಾಯಿ ಇಲ್ಲದವರು ಮದುವೆಗೆ ಹೋಗುವುದಿಲ್ಲ. ಎರಡು ಮದುವೆಗೆ ಹೋಗದಿದ್ದರೆ ಮೂರನೆಯದಕ್ಕೆ ಕರೆಯುವುದಿಲ್ಲ. ಬಡತನ ಜನರನ್ನು ಒಬ್ಬಂಟಿ ಮಾಡುವುದು ಹೀಗೆ, ಸದ್ದಿಲ್ಲದೆ.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಇದೆ, ತಿಂಗಳಿಗೆ 1200 ರೂಪಾಯಿ. ವಿಧವೆಯರಿಗೆ ಬೇರೆ, ಅಂಗವಿಕಲರಿಗೆ ಬೇರೆ. 40 ದಾಟಿದ ಅವಿವಾಹಿತ, ವಿಚ್ಛೇದಿತ ಹೆಂಗಸರಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ. ಅರ್ಜಿ ನಾಡಕಚೇರಿಯಲ್ಲಿ. ನಿಂತುಹೋದ ಪಿಂಚಣಿ ಬಹಳ ಸಲ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಮೊದಲು ಅದನ್ನು ನೋಡಿ. ಅರ್ಜಿ ಕೊಡಲು ಒಬ್ಬೊಬ್ಬರನ್ನೇ ಕಳಿಸಬೇಡಿ. ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸಿ. ನಾಡಕಚೇರಿಯಲ್ಲಿ ಕಾಯುವಷ್ಟು ಹೊತ್ತಿನಲ್ಲಿ ಎಂಥವರಿಗೂ ಸ್ನೇಹ ಆಗುತ್ತದೆ!

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ವರ್ಷಗಟ್ಟಲೆ ಮಗಳ ಮನೆ ನೋಡದ ಅಜ್ಜಿಯರು ಹೋಗಿ ಬಂದಿದ್ದಾರೆ. ಆದರೆ ನಮ್ಮ ಕಡೆ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸು. ಸರ್ಕಾರಿ ಬಸ್ ಎಷ್ಟು ಹೊತ್ತಿಗೆ, ಯಾವ ಕ್ರಾಸಿಗೆ ಬರುತ್ತದೆ ಅಂತ ದೊಡ್ಡಕ್ಷರದಲ್ಲಿ ಬರೆದು ಲೈಬ್ರರಿಯಲ್ಲಿ ಹಾಕಿ.

ಮನಸ್ಸಿನ ಕಾಯಿಲೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ದೇಶಕ್ಕೆಲ್ಲ ಮಾದರಿಯಾದದ್ದು 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿದ ಪ್ರಯತ್ನ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ಯಾವ ದಿನ ಡಾಕ್ಟರ್ ಬರುತ್ತಾರೆ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಇಲ್ಲದಿದ್ದರೆ ಒಂದು ದಿನದ ಕೂಲಿ ಹೋಗುತ್ತದೆ. ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರಿಗೆ 14567.

ಯಾರಾದರೂ "ನಾನಿದ್ದು ಏನು ಪ್ರಯೋಜನ", "ಇನ್ನ ಸಾಕು" ಅಂತ ಪದೇ ಪದೇ ಅನ್ನುತ್ತಿದ್ದರೆ, ಇಟ್ಟುಕೊಂಡಿದ್ದ ಕೋಳಿ, ಪಾತ್ರೆ ಎಲ್ಲ ಯಾರಿಗೋ ಕೊಡಲು ಶುರು ಮಾಡಿದರೆ, ಮಾತು ತೇಲಿಸಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಅವರನ್ನು ಒಬ್ಬರೇ ಬಿಡಬೇಡಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ಬೇರೆಯವರ ಮನೆಗೆ ಸಾಗಿಸಿ. ಅಲ್ಲೇ ಕೂತು 14416ಕ್ಕೆ ಫೋನ್ ಮಾಡಿ. ಏನಾದರೂ ಆಗಿಹೋಗಿದ್ದರೆ 108. ಇಲ್ಲಿ ನಮ್ಮ ಟೀ, ಕೆಲಸ ಯಾವುದೂ ಸಾಲುವುದಿಲ್ಲ, ಡಾಕ್ಟರ್ ಬೇಕೇ ಬೇಕು.

ಊರಿನ ಬಾಯಿ

ಮಾತು ಬರುತ್ತದೆ. "ಅಂಥವರನ್ನೆಲ್ಲ ಸೇರಿಸ್ಕೊಂಡು ಏನ್ ಮಾಡ್ತಿದಾಳೆ ಇವಳು" ಅನ್ನುತ್ತಾರೆ. ಜಗಳಕ್ಕೆ ನಿಲ್ಲಬೇಡಿ, ತಪ್ಪಿಸಿಕೊಂಡೂ ಹೋಗಬೇಡಿ. ಮಾತಾಡಿದವರ ಮನೆಯದ್ದೇ ಒಂದು ಕೆಲಸ ಗುರುವಾರಕ್ಕೆ ತನ್ನಿ. ಬ್ಯಾಗ್ ಇರಲಿ, ಅರ್ಜಿ ಇರಲಿ. ಮನೆಯವರೇ ಅಡ್ಡ ಬಂದರೆ ಕಷ್ಟ ಜಾಸ್ತಿ. "ನಮ್ಮಪ್ಪಂಗೆ ನಾವಿಲ್ವಾ? ಯಾಕೆ ಅಲ್ಲಿ ಹೋಗಿ ಕೂರ್ಬೇಕು, ನಮ್ಮ ಮರ್ಯಾದೆ ಏನಾಗುತ್ತೆ?" ಅಂತ ಮಗ ಬೆಂಗಳೂರಿನಿಂದ ಫೋನ್‌ನಲ್ಲಿ ಕೂಗಾಡುತ್ತಾನೆ. ಅವನಿಗೆ ನಾನು ಹೇಳುವುದು: ನಿಮ್ಮಪ್ಪ ಹುಡುಗರಿಗೆ ಚೌಕಾಬಾರ ಹೇಳಿಕೊಡೋಕೆ ಬರ್ತಾರೆ, ಅವರಿಲ್ಲದೆ ಹುಡುಗರು ಬಿಡಲ್ಲ. ಮಗನ ಮರ್ಯಾದೆಯೂ ಉಳಿಯಿತು, ಸುಳ್ಳೂ ಅಲ್ಲ.

ನಮ್ಮ ಕಡೆ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಈಗಲೂ ಹಟ್ಟಿಯ ಹೊರಗೆ ಇರಿಸುತ್ತಾರೆ. ಆ ದಿನಗಳಲ್ಲಿ ಅವರು ಬರುವುದಿಲ್ಲ. ನಾವೇ ಇಬ್ಬರು ಹೋಗುತ್ತೇವೆ, ಒಬ್ಬರು ಆಶಾ ಇದ್ದೇ ಇರಬೇಕು. ಬುದ್ಧಿ ಹೇಳಲು ಹೋಗುವುದಲ್ಲ. ಅದಕ್ಕೆ ತಹಶೀಲ್ದಾರರು, ಮಹಿಳಾ ಮತ್ತು ಮಕ್ಕಳ ಇಲಾಖೆಯವರು ಬರುತ್ತಾರೆ, ಬರಲೂಬೇಕು. ನಾವು ಮಗುವಿನ ಮೈ ಬೆಚ್ಚಗಿದೆಯಾ ನೋಡಿ, ಆ ಹುಡುಗಿಯ ಪಕ್ಕ ಕೂತು ಬರುತ್ತೇವೆ.

ಕೆಲವರು ಬಂದು ಬಿಟ್ಟುಬಿಡುತ್ತಾರೆ. ಕೆಲವರು ಬರುವುದೇ ಇಲ್ಲ. ಒಬ್ಬರೇ ಇರಲು ಇಷ್ಟಪಡುವವರೂ ಇದ್ದಾರೆ, ಅವರನ್ನು ಸುಮ್ನೆ ಬಿಡಿ. ಕುಡಿದು ಬಂದವರನ್ನು ಒಳಗೆ ಬಿಡಬೇಡಿ, ಆದರೆ ಮಾರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋಗಿ.

ಸರಿ ಹೋಗುತ್ತಿದೆಯಾ ಅಂತ ತಿಳಿಯಲು ಹಾಜರಿ ಪುಸ್ತಕ ನೋಡಬೇಡಿ. ಸೋಮವಾರ, ಶನಿವಾರ ಏನಾಗುತ್ತಿದೆ ನೋಡಿ. ಗುರುವಾರ ಸಿಕ್ಕಿದವರು ಬೇರೆ ದಿನ ಒಬ್ಬರ ಮನೆ ಜಗಲಿಯಲ್ಲಿ ಇನ್ನೊಬ್ಬರು ಕೂತಿದ್ದರೆ, ನೀವಿಲ್ಲದೆಯೂ ನಡೆಯುತ್ತದೆ ಅಂತ ಅರ್ಥ.

ಮಣ್ಣಿನ ಮಾತು

ಸ್ವಲ್ಪ ಸಲಿಗೆ ಆದ ಮೇಲೆ ವಯಸ್ಸಾದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಾನ್ ಸತ್ರೆ ಮಣ್ಣು ಮಾಡೋರ್ ಯಾರು?" "ಬಿಡ್ತು ಅನ್ನಿ, ಅಂಥ ಮಾತೆಲ್ಲ ಯಾಕೆ" ಅಂತ ಬಾಯಿ ಮುಚ್ಚಿಸಬೇಡಿ. ಅವರು ರಾತ್ರಿಯೆಲ್ಲ ಯೋಚಿಸುವುದು ಇದನ್ನೇ. ಒಂದು ನೋಟ್‌ಬುಕ್ ಇಡಿ. ಯಾರಿಗೆ ಫೋನ್ ಮಾಡಬೇಕು, ಹೂಳಬೇಕಾ ಸುಡಬೇಕಾ, ಎಲ್ಲಿ, ಮೈಮೇಲೆ ಯಾವ ಸೀರೆ, ಎತ್ತಿಟ್ಟ ದುಡ್ಡು ಎಲ್ಲಿದೆ, ಮಗ ಬರುವವರೆಗೆ ಕಾಯಬೇಕಾ. ಬರೆದು ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ. ಹೊರಲು ನಾಲ್ಕು ಜನ ಯಾರು ಅಂತಲೂ ಮೊದಲೇ ಮಾತಾಡಿಟ್ಟುಕೊಳ್ಳಿ. ಜಾತಿ ಸ್ಮಶಾನದ ತಕರಾರು ಇರುವ ಊರಾದರೆ ಗ್ರಾಮ ಆಡಳಿತ ಅಧಿಕಾರಿಯ (ಮೊದಲಿನ ಗ್ರಾಮ ಲೆಕ್ಕಿಗರು) ಹತ್ತಿರ ಸರ್ಕಾರಿ ಸ್ಮಶಾನದ ಸರ್ವೆ ನಂಬರ್ ಕೇಳಿ ಬರೆದುಕೊಳ್ಳಿ. ಹೆಣ ಇಟ್ಟುಕೊಂಡು ಹುಡುಕುವ ಹಾಗಾಗಬಾರದು. ಹೀಗೆ ಬರೆಸಿಟ್ಟ ಮೇಲೆ ಎಷ್ಟೋ ಜನ ಹಗುರಾಗಿ, ಅದೇ ದಿನ ಜೋಕ್ ಮಾಡಲು ಶುರು ಮಾಡಿದ್ದನ್ನು ನೋಡಿದ್ದೇನೆ. "ನನ್ನ ಹೊರೋರಿಗೆ ಮೊದ್ಲು ಚೆನ್ನಾಗಿ ಊಟ ಹಾಕ್ರಪ್ಪ, ನಾನು ಭಾರ" ಅಂತ.

ದುಡ್ಡು, ಠರಾವು

ಖರ್ಚು ಜಾಸ್ತಿ ಇಲ್ಲ. ಟೀ ಪುಡಿ, ಸಕ್ಕರೆ, ಹಾಲು, ಜಿಪ್ಪು, ದಾರ. ಹಾಲನ್ನು ಸರದಿಯ ಮೇಲೆ ಹಸು ಇರುವವರು ಕೊಡುತ್ತಾರೆ. ಆದರೆ ದಾನದ ಮೇಲೆಯೇ ನಡೆಸಬೇಡಿ. ದಾನ ಕೊಟ್ಟವರು ಒಂದು ದಿನ ಬ್ಯಾನರ್ ಕಟ್ಟಲು ಬರುತ್ತಾರೆ. ಗ್ರಾಮ ಪಂಚಾಯ್ತಿ ತನ್ನ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗೆ ಇಡಬೇಕು ಅಂತ ನಿಯಮ ಇದೆ. ಇಳಿಜಾರು, ಕೈಹಿಡಿ, ಬೆಂಚು, ಶೌಚಾಲಯದ ರಿಪೇರಿಗೆ ಅದರಲ್ಲಿ ಕೇಳಿ. ವಿಕಲಚೇತನರ ವಿಶೇಷ ಗ್ರಾಮಸಭೆ ಕರೆಯುವಂತೆ ಅರ್ಜಿ ಕೊಡಿ. ಆ ಸಭೆಗೆ ನೀವೊಬ್ಬರೇ ಹೋಗಿ ಮಾತಾಡಬೇಡಿ. ಗುರುವಾರದವರು ಎಲ್ಲರೂ ಬರಲಿ, ಮುಂದಿನ ಸಾಲಲ್ಲಿ ಕೂರಲಿ, ಅರ್ಜಿಯನ್ನು ಅಕ್ಕ ಓದಲಿ. ಲೈಬ್ರರಿಯನ್ನು ಪ್ರತಿ ಗುರುವಾರ ಮಧ್ಯಾಹ್ನ ಎರಡರಿಂದ ಐದು ಗಂಟೆವರೆಗೆ ಕೊಡಬೇಕು ಅಂತ ಠರಾವು ಆಗಬೇಕು. "ಆಯ್ತಮ್ಮ, ಮಾಡಾಣ" ಅಂತಾರೆ. ಆಯ್ತು ಅಂದದ್ದಕ್ಕೆ ಎದ್ದು ಬರಬೇಡಿ. ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮುಂದಿನ ವರ್ಷ ವರ್ಗವಾಗಿ ಹೋಗುತ್ತಾರೆ, ಅಧ್ಯಕ್ಷರೂ ಬದಲಾಗುತ್ತಾರೆ. ನಡಾವಳಿ ಪುಸ್ತಕದಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ, ಸಹಿ ಸೀಲು ಬಿದ್ದ ಮೇಲೆ ಆ ಪುಟದ ಫೋಟೋ ತೆಗೆದುಕೊಂಡು ಬನ್ನಿ. ಈ ಫೋಟೋ ಮಾತ್ರ ಜಿಪಿಎಸ್ ಸಮೇತ ಇರಲಿ.